ಸರಪಳಿ ಬಿಗಿದ ವಾನರ, ಮಕರ ಮತ್ತು ಮಾವಳದ ಆಸರಾ



ಇಂದಿನ ಉಪನ್ಯಾಸದ ವಿಷಯ ಜಲಭೂತಗಳ ಹುಟ್ಟು. ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರಿಗಾದರೂ ಅನ್ನಿಸಿರಬಹುದು. ಮಕ್ಕಳು ಬಾವಿಯ ಕಡೆ ಹೋಗದಿರಲೆಂದು ಅಜ್ಜಿಯರು ಕಟ್ಟಿದ ಕಥೆಗೆ ಇಷ್ಟು ದೊಡ್ಡ ವ್ಯಾಖ್ಯಾನ ಬೇಕೆ? ಅದಕ್ಕೆ ಉತ್ತರ ಈ ಸಭಾಂಗಣದಿಂದ ಬಹಳ ದೂರದಲ್ಲಿಲ್ಲ. ಪುಣೆಯ ಪಶ್ಚಿಮಕ್ಕಿರುವ ಮಾವಳ ಸೀಮೆಯಲ್ಲಿ, ನದಿ ಆಳವಾಗಿ ಮಡುಗಟ್ಟುವ ಕಡೆ, ಬಾವಿಯ ಅಂಚಿನಲ್ಲಿ, ಸಿಂಧೂರ ಬಳಿದ ಏಳು ಕಲ್ಲುಗಳು ಸಾಲಾಗಿ ನಿಂತಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಊರವರು ಅವನ್ನು ಸಾತಿ ಆಸರಾ ಎನ್ನುತ್ತಾರೆ. ಏಳು ಮಂದಿ ಅಕ್ಕತಂಗಿಯರು, ನೀರಿನೊಳಗೆ ವಾಸ, ಸಿಟ್ಟು ಬಂದರೆ ಮನುಷ್ಯರನ್ನು ಎಳೆದುಕೊಳ್ಳುತ್ತಾರೆ. ಆದರೂ ಅವರಿಗೆ ಹಸಿರು ಬಳೆ, ಖಣ, ಅರಿಶಿನ ಕುಂಕುಮ ಸಲ್ಲುತ್ತದೆ. ಎಳೆದುಕೊಳ್ಳುವವರಿಗೆ ಉಡಿ ತುಂಬುವ ಈ ವಿಚಿತ್ರ ಸಂಬಂಧವೇ ಇಂದಿನ ಮಾತಿನ ತಿರುಳು.

ಹಾದಿ ಮಾತ್ರ ಸ್ವಲ್ಪ ಸುತ್ತಿನದು. ಮೊದಲು ಚೀನಾದ ಹ್ವಾಯ್ ನದಿಗೆ ಹೋಗಿ ಅಲ್ಲಿನ ಹೆಸರಾಂತ ಜಲಭೂತವೊಂದರ ಜಾತಕ ನೋಡೋಣ. ಅಲ್ಲಿಂದ ನಿಜವಾದ ಮೊಸಳೆಗಳ ಕಡೆಗೆ, ಬಳಿಕ ನಮ್ಮ ದೇವಾಲಯಗಳ ಮಕರದ ಕಡೆಗೆ ತಿರುಗಿ, ಕೊನೆಗೆ ಮಾವಳಕ್ಕೆ ಮರಳೋಣ. ಈ ಕಥೆಗಳನ್ನೆಲ್ಲ ಒಟ್ಟಿಗಿಟ್ಟು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಜಲಭೂತವನ್ನು ಕೊಂದು ಮುಗಿಸುವುದು ಅಪರೂಪ. ಅದನ್ನು ಕಟ್ಟಿಹಾಕುತ್ತಾರೆ, ಬೇರೆ ಕಡೆಗೆ ಸಾಗಹಾಕುತ್ತಾರೆ, ಇಲ್ಲವೆ ಕಾವಲಿಗೆ ನೇಮಿಸಿಕೊಳ್ಳುತ್ತಾರೆ.

ಮೊದಲು ಹ್ವಾಯ್ ನದಿ. ಚೀನಾದ ಎರಡು ಮಹಾನದಿಗಳಾದ ಹಳದಿ ನದಿ ಮತ್ತು ಯಾಂಗ್‌ಟ್ಸಿಗಳ ನಡುವೆ ಹರಿಯುವ ಈ ನದಿ ನೆರೆಗೆ ಕುಖ್ಯಾತ. ಅದರ ಭೂತದ ಹೆಸರು ವೂಝಿಚಿ. ಅದರ ಕಥೆ ನಮಗೆ ವಿವರವಾಗಿ ಸಿಗುವುದು ಟಾಂಗ್ ರಾಜರ ಕಾಲದ ಲೇಖಕ ಲೀ ಗೊಂಗ್‌ಜುವೊ ಬರೆದ ಒಂದು ವೃತ್ತಾಂತದಲ್ಲಿ. 8ನೆಯ ಶತಮಾನದ ನಡುಭಾಗ. ಆಮೆ ಬೆಟ್ಟದ ಬುಡದಲ್ಲಿ ರಾತ್ರಿ ಮೀನು ಹಿಡಿಯುತ್ತಿದ್ದ ಬೆಸ್ತನೊಬ್ಬನ ಗಾಳ ಯಾವುದಕ್ಕೋ ಸಿಕ್ಕಿಕೊಳ್ಳುತ್ತದೆ. ಮುಳುಗಿ ನೋಡಿದರೆ ಬೆಟ್ಟದ ಬುಡವನ್ನು ಸುತ್ತಿಕೊಂಡ ದೊಡ್ಡ ಕಬ್ಬಿಣದ ಸರಪಳಿ, ತುದಿಯೇ ಕಾಣದು. ಸುದ್ದಿ ಪ್ರಾಂತದ ಅಧಿಕಾರಿಗೆ ಮುಟ್ಟುತ್ತದೆ. ಆತ ಈಜುಗಾರರನ್ನು ಕರೆಸಿ, ಐವತ್ತಕ್ಕೂ ಹೆಚ್ಚು ಎತ್ತುಗಳನ್ನು ಕಟ್ಟಿಸಿ, ಸರಪಳಿಯನ್ನು ಎಳೆಸುತ್ತಾನೆ. ಗಾಳಿಯಿಲ್ಲದೆ ಅಲೆಗಳು ಏಳುತ್ತವೆ. ಸರಪಳಿಯ ಕೊನೆಯಲ್ಲಿ ಮೇಲೆ ಬಂದದ್ದು ಒಂದು ಭಾರಿ ವಾನರ: ಬಿಳಿಯ ತಲೆ, ಉದ್ದನೆಯ ಕೂದಲು, ಹೊಳೆಯುವ ಹಲ್ಲು, ಬಂಗಾರದ ಬಣ್ಣದ ಉಗುರು. ದಡಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತಿತು. ಕಣ್ಣು ಮುಚ್ಚಿತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು, ಗಬ್ಬುನಾತಕ್ಕೆ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಬಹಳ ಹೊತ್ತಾದ ಮೇಲೆ ಕೊರಳು ಚಾಚಿ ಕಣ್ಣು ತೆರೆಯಿತು. ನೋಟಕ್ಕೆ ಜನ ದಿಕ್ಕಾಪಾಲಾದರು. ಅದು ಯಾರನ್ನೂ ಬೆನ್ನಟ್ಟಲಿಲ್ಲ. ನಿಧಾನವಾಗಿ ಸರಪಳಿಯನ್ನೂ ಅದಕ್ಕೆ ಕಟ್ಟಿದ್ದ ಎತ್ತುಗಳನ್ನೂ ಎಳೆದುಕೊಂಡು ನೀರಿಗೆ ಇಳಿದು ಹೋಯಿತು.

ವೃತ್ತಾಂತ ಇಲ್ಲಿಗೆ ನಿಲ್ಲುವುದಿಲ್ಲ. ಬಹಳ ವರ್ಷಗಳ ನಂತರ ಲೇಖಕನಿಗೆ ಗುಹೆಯೊಂದರಲ್ಲಿ ಹಳೆಯ ಭೂಗೋಳ ಗ್ರಂಥದ ಒಂದು ಸುರುಳಿ ಸಿಕ್ಕಿತಂತೆ. ಅದರಲ್ಲಿ ಹಿಂದಿನ ಕಥೆಯಿತ್ತು. ಮಹಾಪ್ರಳಯದ ನೀರನ್ನು ಕಾಲುವೆ ತೋಡಿ ಸಮುದ್ರಕ್ಕೆ ಹರಿಸಿದ ಪುರಾಣಪುರುಷ ಯೂ, ಹ್ವಾಯ್ ನದಿಯ ಉಗಮವಾದ ತೊಂಗ್‌ಬಾಯ್ ಬೆಟ್ಟಕ್ಕೆ ಮೂರು ಸಲ ಹೋದ. ಪ್ರತಿಸಲವೂ ಗಾಳಿ ಗುಡುಗು ಎದ್ದು ಕೆಲಸ ನಿಂತಿತು. ಕೊನೆಗೆ ತನ್ನ ಸಹಾಯಕರಿಂದ ವೂಝಿಚಿಯನ್ನು ಹಿಡಿಸಿ, ಕೊರಳಿಗೆ ಸರಪಳಿ ಬಿಗಿಸಿ, ಮೂಗಿಗೆ ಚಿನ್ನದ ಗಂಟೆ ಕಟ್ಟಿಸಿ, ಆಮೆ ಬೆಟ್ಟದ ಬುಡದಲ್ಲಿ ಇರಿಸಿದ. ಆಮೇಲೆ ನದಿ ಸುಗಮವಾಗಿ ಕಡಲಿಗೆ ಹರಿಯಿತು.

ಈ ವಾನರನ ವಿಷಯವಾಗಿ 1920ರ ದಶಕದಲ್ಲಿ ಚೀನಾದ ಇಬ್ಬರು ದೊಡ್ಡ ವಿದ್ವಾಂಸರ ಅಭಿಪ್ರಾಯ ಬೇರೆಬೇರೆಯಾಯಿತು. ‘ಪಶ್ಚಿಮ ಯಾತ್ರೆ’ ಎಂಬ ಮಹಾಕಾದಂಬರಿಯ ವಾನರ ವೀರ ಸುನ್ ವುಕೋಂಗ್ ಎಲ್ಲಿಂದ ಬಂದ ಎಂಬುದು ಪ್ರಶ್ನೆ. ಲೇಖಕ ಲು ಶುನ್ ಹ್ವಾಯ್ ನದಿಯ ಈ ವಾನರನನ್ನೇ ಮೂಲವೆಂದರು. ಹು ಷಿ ನಮ್ಮ ಹನುಮಂತನ ಕಡೆ ಬೆರಳು ತೋರಿಸಿದರು. ಬೌದ್ಧ ಗ್ರಂಥಗಳ ಜೊತೆಗೆ ರಾಮಾಯಣದ ಕಥೆಗಳೂ ಚೀನಾ ತಲುಪಿದ್ದರಿಂದ ಹು ಷಿ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪುಣೆಗೂ ಈ ಬಗೆಯ ಓದು ಹೊಸತಲ್ಲ. ಫರ್ಗ್ಯುಸನ್ ಕಾಲೇಜಿನ ಪ. ವಿ. ಬಾಪಟರು ಪಾಲಿಯ ವಿಸುದ್ಧಿಮಗ್ಗವನ್ನೂ ಚೀನೀ ಭಾಷೆಯಲ್ಲಿ ಮಾತ್ರ ಪೂರ್ತಿಯಾಗಿ ಉಳಿದ ವಿಮುತ್ತಿಮಗ್ಗವನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದ ತೌಲನಿಕ ಅಧ್ಯಯನ 1937ರಲ್ಲಿ ಇದೇ ಊರಿನಲ್ಲಿ ಪ್ರಕಟವಾಯಿತು. ಆದರೂ ವಾನರನ ವಂಶಾವಳಿಯ ವಾದ ಬೇಗ ದಣಿಸುತ್ತದೆ. ಯಾರು ಯಾರಿಂದ ಪಡೆದರು ಎನ್ನುವುದಕ್ಕಿಂತ, ಯೂ ಅದನ್ನು ಏಕೆ ಕೊಲ್ಲಲಿಲ್ಲ ಎಂಬ ಪ್ರಶ್ನೆಯಲ್ಲಿ ಹೆಚ್ಚು ಹುರುಳಿದೆ.

ನದಿಯ ಚರಿತ್ರೆಯೇ ಅದಕ್ಕೆ ಒಂದು ಉತ್ತರ ಕೊಡುತ್ತದೆ. 1194ರಲ್ಲಿ ಹಳದಿ ನದಿ ಪಾತ್ರ ಬದಲಿಸಿ ಹ್ವಾಯ್ ನದಿಯ ಕೆಳಭಾಗವನ್ನು ಆಕ್ರಮಿಸಿತು. 1855ರವರೆಗೆ, ಅಂದರೆ ಆರೂವರೆ ಶತಮಾನಕ್ಕೂ ಹೆಚ್ಚು ಕಾಲ, ಅಲ್ಲೇ ಹರಿದು ಹೂಳು ತುಂಬಿತು. ಸಮುದ್ರಕ್ಕೆ ದಾರಿ ಕಾಣದ ಹ್ವಾಯ್ ನೀರು ನಿಂತು ದೊಡ್ಡ ಸರೋವರವಾಯಿತು. 1680ರಲ್ಲಿ ಸಿಝೋ ಎಂಬ ನಗರವೇ ಮುಳುಗಿತು. ಈ ಮುಳುಗಡೆಗೆ ಜನ ಬೇರೊಂದು ಕಥೆ ಹೇಳಿದರು. ಈ ಸಲದ ಭೂತ ಹೆಣ್ಣು, ಶುಯಿಮು, ಅಂದರೆ ನೀರವ್ವ. ನಗರವನ್ನು ಮುಳುಗಿಸಿ ಹಸಿದು ಓಡುತ್ತಿದ್ದ ಅವಳಿಗೆ ದಾರಿಯಲ್ಲಿ ಸೇವಿಗೆ ಮಾರುವ ಮುದುಕಿ ಸಿಗುತ್ತಾಳೆ. ಮುದುಕಿ ನಿಜವಾಗಿ ಕರುಣೆಯ ದೇವತೆ ಗ್ವಾನ್‌ಯಿನ್. ಸೇವಿಗೆ ಹೊಟ್ಟೆಗೆ ಇಳಿದದ್ದೇ ಕಬ್ಬಿಣದ ಸರಪಳಿಯಾಗಿ ಕರುಳನ್ನು ಸುತ್ತುತ್ತದೆ. ಹೊರಗೆ ಉಳಿದ ತುದಿ ಹಿಡಿದು ಅವಳನ್ನು ಬೆಟ್ಟದ ಬುಡದ ಬಾವಿಗೆ ಬಿಗಿಯುತ್ತಾರೆ. ಇಲ್ಲಿಯೂ ಕೊಲೆಯಿಲ್ಲ. ಪ್ರತಿವರ್ಷ ಮತ್ತೆ ಮತ್ತೆ ಬರುವ ನೆರೆಯ ಭೂತ ಸತ್ತಿತೆಂದರೆ ದಂಡೆಯಲ್ಲಿ ಬದುಕುವ ರೈತ ನಂಬುವುದಾದರೂ ಹೇಗೆ? ಸರಪಳಿ ಸಡಿಲವಾಯಿತು ಎಂದರೆ ನಂಬುತ್ತಾನೆ.

ವೃತ್ರನನ್ನು ಇಂದ್ರ ಕೊಂದನಲ್ಲ ಎಂದು ವೇದ ಬಲ್ಲವರು ಇಲ್ಲಿ ತಡೆಯಬಹುದು. ನ್ಯಾಯವಾದ ಆಕ್ಷೇಪ. ವೃತ್ರ ನೀರನ್ನು ತಡೆಹಿಡಿದವನು. ಅವನು ಬರಗಾಲದ ಭೂತ, ನೆರೆಯದ್ದಲ್ಲ. ಅಲ್ಲದೆ ಕೊಂದ ಮೇಲೆ ಇಂದ್ರನಿಗಾದರೂ ನೆಮ್ಮದಿ ಎಲ್ಲಿತ್ತು? ಬ್ರಹ್ಮಹತ್ಯೆಯ ಭಯಕ್ಕೆ ತಾವರೆಯ ದಂಟಿನೊಳಗೆ ಅಡಗಿ ಕೂತನೆಂದು ಮಹಾಭಾರತ ಹೇಳುತ್ತದೆ. ಅದೂ ನೀರೊಳಗೇ.

ಇನ್ನು ಎರಡನೆಯ ಭಾಗಕ್ಕೆ ಬರೋಣ: ನಿಜವಾದ ಮೊಸಳೆಗಳು. ಜಲಭೂತಗಳೆಲ್ಲ ಬರಿಯ ಕಲ್ಪನೆಯಲ್ಲ, ಅವುಗಳ ಹಿಂದೆ ಹಲ್ಲು ಬಾಲಗಳಿರುವ ಪ್ರಾಣಿಗಳಿದ್ದವು. ಯಾಂಗ್‌ಟ್ಸಿ ಕಣಿವೆಯಲ್ಲಿ ಇಂದಿಗೂ ಚಿಕ್ಕ ಜಾತಿಯ ಮೊಸಳೆಯೊಂದಿದೆ. ಉತ್ತರ ಚೀನಾದ ತಾವ್‌ಸಿ ಎಂಬ ನೆಲೆಯ, ಸುಮಾರು 4,000 ವರ್ಷ ಹಳೆಯ ಸಮಾಧಿಗಳಲ್ಲಿ ಅದರ ಚರ್ಮ ಹೊದಿಸಿದ ನಗಾರಿಗಳ ಅವಶೇಷ ಸಿಕ್ಕಿವೆ. ದಕ್ಷಿಣದಲ್ಲಿ ಇದ್ದದ್ದು ಇದಕ್ಕಿಂತ ಬಹಳ ದೊಡ್ಡದು. ಅದರ ಕುರಿತು ಚೀನೀ ಸಾಹಿತ್ಯದಲ್ಲಿ ಒಂದು ಅಪೂರ್ವ ದಾಖಲೆಯಿದೆ.

ಕ್ರಿ.ಶ. 819. ಬುದ್ಧನ ಬೆರಳಿನ ಅಸ್ಥಿಯನ್ನು ಅರಮನೆಗೆ ತರಿಸಿ ಪೂಜಿಸಲು ಹೊರಟ ಚಕ್ರವರ್ತಿಯನ್ನು ಹಾನ್ ಯು ಎಂಬ ಗದ್ಯ ಲೇಖಕ ಖಾರವಾಗಿ ಆಕ್ಷೇಪಿಸಿದ. ತಲೆ ಉಳಿದದ್ದೇ ಹೆಚ್ಚು. ದೂರದ ದಕ್ಷಿಣದ ಚಾವ್‌ಜೋಗೆ ವರ್ಗವಾಯಿತು. ಅಲ್ಲಿಗೆ ಹೋದೊಡನೆ ಜನರ ದೂರು: ನದಿಯ ಮೊಸಳೆಗಳು ದನಕರು ತಿಂದು ಮುಗಿಸುತ್ತಿವೆ. ಹಾನ್ ಯು ಒಂದು ಕುರಿ, ಒಂದು ಹಂದಿಯನ್ನು ನೀರಿಗೆ ಹಾಕಿಸಿ, ಮೊಸಳೆಗಳನ್ನು ಉದ್ದೇಶಿಸಿ ಒಂದು ಪ್ರಕಟಣೆ ಬರೆದ. ಈ ನೆಲ ಚಕ್ರವರ್ತಿಗೆ ಸೇರಿದ್ದು, ಇದರ ಹೊಣೆ ತನ್ನದು, ಮೊಸಳೆಗಳೂ ತಾನೂ ಒಟ್ಟಿಗೆ ಇರಲಾಗದು. ಮೂರು ದಿನದಲ್ಲಿ ಸಮುದ್ರಕ್ಕೆ ಹೊರಡತಕ್ಕದ್ದು, ಆಗದಿದ್ದರೆ ಐದು ದಿನ, ಅದೂ ಆಗದಿದ್ದರೆ ಏಳು. ಮೀರಿದರೆ ವಿಷದ ಬಾಣಗಳೊಂದಿಗೆ ಬಿಲ್ಲುಗಾರರು ಬರುತ್ತಾರೆ. ತಹಶೀಲ್ದಾರರ ಕಚೇರಿಯ ತೆರವು ನೋಟಿಸಿನ ಧಾಟಿ. ಅಂದು ರಾತ್ರಿ ಬಿರುಗಾಳಿ ಎದ್ದು ಮೊಸಳೆಗಳು ಹೊರಟುಹೋದವೆಂದು ಐತಿಹ್ಯ. ಆ ನದಿಗೆ ಇಂದು ಹಾನ್ ಎಂದೇ ಹೆಸರು.

ಈ ಪ್ರಕಟಣೆಯನ್ನು ಬಹುಕಾಲ ವಿನೋದವೆಂದೋ ರೂಪಕವೆಂದೋ ಓದಿದವರುಂಟು. 2022ರಲ್ಲಿ ವಿಜ್ಞಾನಿಗಳ ತಂಡವೊಂದು ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಸಿಕ್ಕಿದ್ದ ಎಲುಬುಗಳನ್ನು ಪರೀಕ್ಷಿಸಿ, ಅವು ಈಗ ಅಳಿದುಹೋಗಿರುವ ಒಂದು ಮೊಸಳೆ ಜಾತಿಯವೆಂದು ತೋರಿಸಿತು. ಉದ್ದ ಸುಮಾರು 6 ಮೀಟರ್. ನಮ್ಮ ಗಂಗೆಯ ಘಡಿಯಾಲ್‌ನ ದೂರದ ಬಂಧು. ಎಲುಬುಗಳು 3,000 ವರ್ಷಕ್ಕೂ ಹಳೆಯವು. ಒಂದರ ತಲೆಬುರುಡೆಯ ಮೇಲೆ ಏಟಿನ ಗುರುತು, ಕುತ್ತಿಗೆಯ ಮೂಳೆಯ ಮೇಲೆ ಕಡಿದ ಗುರುತು. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ಹಾನ್‌ಯುಸೂಕಸ್ ಸೈನೆನ್ಸಿಸ್. ಮೊಸಳೆಗಳಿಗೆ ನೋಟಿಸು ಕೊಟ್ಟ ಅಧಿಕಾರಿಯ ಹೆಸರು ಹೀಗೆ ಮೊಸಳೆಗೇ ಅಂಟಿತು. ಕಥೆಯಲ್ಲಿ ಸಾಗಹಾಕಿದರೂ ನೆಲದ ಮೇಲೆ ಕಡಿದರು ಎಂಬ ಸತ್ಯವನ್ನೂ ಇಲ್ಲೇ ಒಪ್ಪಿಕೊಳ್ಳಬೇಕು.

ಕನ್ನಡ ಕೇಳುಗರಿಗೆ ಈ ನೋಟಿಸು ಕೇಳುತ್ತಲೇ ಕಾಳಿಂಗ ನೆನಪಾಗಿರುತ್ತಾನೆ. ಯಮುನೆಯ ಮಡುವಿನಲ್ಲಿ ವಿಷ ಕಾರುತ್ತಿದ್ದ ಆ ನಾಗನ ಹೆಡೆಯ ಮೇಲೆ ಕೃಷ್ಣ ಕುಣಿದ, ಕೊಲ್ಲಲಿಲ್ಲ. ಹೆಂಡಿರು ಬೇಡಿಕೊಂಡ ಮೇಲೆ ಸಂಸಾರ ಸಮೇತ ಸಮುದ್ರಕ್ಕೆ ಕಳಿಸಿದ. ಭಾಗವತಕ್ಕೂ ಹಾನ್ ಯುಗೂ ಸಂಬಂಧ ಹುಡುಕುವ ಅಗತ್ಯವಿಲ್ಲ. ನದಿಯನ್ನು ನಂಬಿದ ಎರಡು ಸಮಾಜಗಳು ಒಂದೇ ತೀರ್ಮಾನಕ್ಕೆ ಬಂದಿವೆ.

ನಮ್ಮ ಉಪಖಂಡದಲ್ಲಿ ಮೊಸಳೆಯ ಚಿತ್ರ ಇನ್ನೂ ಹಳೆಯದು. ಸಿಂಧೂ ನಾಗರಿಕತೆಯ ಮುದ್ರೆಗಳಲ್ಲಿ ಮೀನು ಕಚ್ಚಿಕೊಂಡ ಘಡಿಯಾಲ್ ಕಾಣುತ್ತದೆ. ದಕ್ಷಿಣ ಗುಜರಾತಿನ ಚೌಧರಿ, ಗಾಮಿತ, ವಸಾವ ಜನ ಮರದಲ್ಲಿ ಕೆತ್ತಿದ ಮೊಸಳೆಯನ್ನು ಕಂಬದ ಮೇಲೆ ನಿಲ್ಲಿಸಿ ಮೋಗ್ರಾ ದೇವ ಎಂದು ಪೂಜಿಸುತ್ತಾರೆ. ಹಕು ಶಾ ಮತ್ತು ಎಬರ್‌ಹಾರ್ಡ್ ಫಿಷರ್ 1971ರಲ್ಲಿ ಇದನ್ನು ಪುಸ್ತಕವಾಗಿ ದಾಖಲಿಸಿದರು.

ಮೊಸಳೆಯಿಂದ ಮಕರಕ್ಕೆ, ಅಂದರೆ ಮೂರನೆಯ ಭಾಗಕ್ಕೆ, ಇಲ್ಲಿಂದ ಒಂದೇ ಹೆಜ್ಜೆ. ಯಜುರ್ವೇದದಲ್ಲಿ ಅಶ್ವಮೇಧದ ಪ್ರಾಣಿಗಳ ಪಟ್ಟಿಯಲ್ಲಿ ಮಕರ ಒಂದು ಜಲಚರ, ಅಷ್ಟೆ. ಕ್ರಿ.ಪೂ. 3ನೆಯ ಶತಮಾನದ ಲೋಮಸ ಋಷಿ ಗುಹೆಯ ಬಾಗಿಲ ಕಮಾನಿನಲ್ಲಿ ಆನೆಗಳ ಸಾಲಿನ ಎರಡೂ ತುದಿಗೆ ಅದು ಬಂದು ಕೂತಿದೆ. ಅಂದರೆ ಇಷ್ಟು ಬೇಗನೆ ಬಾಗಿಲಿನ ಕೆಲಸ ಹತ್ತಿದೆ. ಮುಂದಿನ ಶತಮಾನದ ಭಾರ್ಹುತ ಸ್ತೂಪದಲ್ಲಿ ಭಯ ಇನ್ನೂ ಹಸಿಯಾಗಿದೆ. ಒಂದು ವೃತ್ತಫಲಕದಲ್ಲಿ ತಿಮಿಂಗಿಲ ಬಾಯಿ ತೆರೆದಿದೆ, ದೋಣಿ ಜನರ ಸಮೇತ ಒಳಕ್ಕೆ ಜಾರುತ್ತಿದೆ. ಜೊತೆಯ ಬರಹದ ಪ್ರಕಾರ ವಸುಗುಪ್ತನೆಂಬವನು ತಿಮಿಂಗಿಲದ ಹೊಟ್ಟೆಯಿಂದ ಪಾರಾದ. ಬೌದ್ಧ ಕಥೆಗಳ ಹಡಗಿನ ವ್ಯಾಪಾರಿಗಳು ದಿಗಂತದಲ್ಲಿ ಎರಡು ಹೊಸ ಸೂರ್ಯರನ್ನು ಕಂಡು ಬೆರಗಾಗುತ್ತಾರೆ. ಆಮೇಲೆ ತಿಳಿಯುತ್ತದೆ, ಅವು ಆ ಪ್ರಾಣಿಯ ಕಣ್ಣುಗಳು.

ಇಂಥ ಭಯ ಹುಟ್ಟಿಸಿದ ಮಕರ ಕೆಲವು ಶತಮಾನಗಳಲ್ಲಿ ಗಂಗೆಯ ವಾಹನವಾಯಿತು, ವರುಣನ ವಾಹನವಾಯಿತು, ಮನ್ಮಥನ ಬಾವುಟವೇರಿತು, ವಿಷ್ಣುವಿನ ಕಿವಿಯ ಕುಂಡಲವಾಯಿತು. ಎಲ್ಲೋರದ 21ನೆಯ ಗುಹೆಯ ಹೊರಗೋಡೆಯಲ್ಲಿ ಗಂಗೆ ಅದರ ಬೆನ್ನ ಮೇಲೆ ಎಷ್ಟು ಸಲೀಸಾಗಿ ನಿಂತಿದ್ದಾಳೆಂದರೆ, ಕೆಳಗಿರುವುದು ಮನುಷ್ಯರನ್ನು ನುಂಗುತ್ತಿದ್ದ ಪ್ರಾಣಿ ಎಂಬುದೇ ಮರೆಯುತ್ತದೆ. ಅಲ್ಲೇ ರಾಷ್ಟ್ರಕೂಟರ ಕೈಲಾಸದಲ್ಲಿ ಗಂಗೆ, ಯಮುನೆ, ಸರಸ್ವತಿಯರಿಗಾಗಿ ಪ್ರತ್ಯೇಕ ಗುಡಿಯೇ ಇದೆ. ಕೈಲಾಸದೊಂದಿಗೆ ಹೆಸರು ಬೆಸೆದುಕೊಂಡ ಒಂದನೆಯ ಕೃಷ್ಣನ ತಾಮ್ರಪಟಗಳಲ್ಲೇ ಪುಣೆಯ ಹಳೆಯ ಉಲ್ಲೇಖವೂ ಸಿಗುತ್ತದೆ. ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆಯೂ ಆ ಕಾಲದ್ದೇ. ಪುಣೆಯ ಕನ್ನಡಿಗರು ಇಲ್ಲಿ ತಾವು ನೆಂಟರೋ ಮನೆಯವರೋ ಎಂದು ಕೇಳಿಕೊಂಡಾಗ ನೆನಪಿಸಿಕೊಳ್ಳಬಹುದಾದ ಸಂಗತಿ.

ಹೊಯ್ಸಳರ ಕೈಯಲ್ಲಿ ಮಕರ ಗುರುತು ಸಿಗದಷ್ಟು ಬದಲಾಯಿತು. 13ನೆಯ ಶತಮಾನದ ಸೋಮನಾಥಪುರದ ಗುಡಿಯ ಅಧಿಷ್ಠಾನವನ್ನು ಕೆಳಗಿನಿಂದ ನೋಡುತ್ತ ಬನ್ನಿ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆಗಳು, ಅದರ ಮೇಲೆ ಮಕರದ ಪಟ್ಟಿ, ಮೇಲ್ಗಡೆ ಹಂಸ. ಒಂದೊಂದು ಮಕರಕ್ಕೂ ಮೊಸಳೆಯ ದವಡೆ, ಆನೆಯ ಸೊಂಡಿಲು, ಹಂದಿಯ ಮೈ, ಬಾಲದ ಜಾಗದಲ್ಲಿ ನವಿಲುಗರಿಯಂತೆ ಬಿಚ್ಚಿಕೊಂಡ ಲತೆ. ಹಳೇಬೀಡಿನ ಬಾಗಿಲವಾಡದ ಮೇಲೆ ಎರಡು ಮಕರಗಳು ಬೆನ್ನಿನ ಮೇಲೆ ಸವಾರರನ್ನು ಹೊತ್ತು, ಬಾಯಿಂದ ತೋರಣವನ್ನೇ ಉಗುಳುತ್ತಿವೆ. ಎಷ್ಟೋ ಗುಡಿಗಳಲ್ಲಿ ಅಭಿಷೇಕದ ನೀರು ಹೊರಬೀಳುವ ಪ್ರಣಾಳಕ್ಕೂ ಇದೇ ಮುಖ. ನೀರನ್ನು ನುಂಗುತ್ತಿದ್ದ ಬಾಯಿ ಈಗ ತೀರ್ಥ ಸುರಿಸುತ್ತದೆ. ಆನಂದ ಕುಮಾರಸ್ವಾಮಿಯವರು ಯಕ್ಷರ ಕುರಿತ ತಮ್ಮ ಗ್ರಂಥದ ಎರಡನೆಯ ಭಾಗದಲ್ಲಿ (1931) ಮಕರವನ್ನು ನೀರು ಮತ್ತು ಸಮೃದ್ಧಿಯ ಕಲ್ಪನೆಯೊಂದಿಗೆ ಜೋಡಿಸಿದರು. ಯಕ್ಷನೆಂದರೆ ಅರಣ್ಯಪರ್ವದ ಸರೋವರ ನೆನಪಾಗಲೇಬೇಕು. ತನ್ನ ಅಪ್ಪಣೆಯಿಲ್ಲದೆ ನೀರು ಕುಡಿದ ನಾಲ್ವರು ಪಾಂಡವರನ್ನು ಕೆಡವಿದ ಅವನು, ಪ್ರಶ್ನೆಗಳಿಗೆ ಉತ್ತರ ಕೊಟ್ಟ ಐದನೆಯವನ ಮುಂದೆ ಅವರನ್ನೆಲ್ಲ ಎಬ್ಬಿಸಿದ. ಕಾವಲುಗಾರನ ಲಕ್ಷಣ ಅದೇ: ನಿಯಮ ಹೇಳುತ್ತಾನೆ, ಮೀರಿದವನನ್ನು ಹಿಡಿಯುತ್ತಾನೆ, ಪಾಲಿಸಿದವನನ್ನು ಬಿಡುತ್ತಾನೆ.

ಬೌದ್ಧ ಗ್ರಂಥಗಳ ಜೊತೆ ಮಕರ ಚೀನಾಕ್ಕೂ ಪ್ರಯಾಣ ಮಾಡಿತು. ಅಲ್ಲಿ ಅದು ‘ಮೋಜಿಯೆ’. ಟಾಂಗ್ ಕಾಲದ ಬೆಳ್ಳಿ ಪಾತ್ರೆಗಳ ಮೇಲೆ, ಲಿಯಾವ್ ಕಾಲದ ಚಿನ್ನದ ಓಲೆಗಳಲ್ಲಿ ರೆಕ್ಕೆಯ ಮೀನಾಗಿ ಈಜಾಡಿತು. ಇಂದಿಗೂ ಚೀನೀ ಜ್ಯೋತಿಷ್ಯದ ಅಂಕಣಗಳಲ್ಲಿ ನಮ್ಮ ಮಕರ ರಾಶಿಯ ಹೆಸರು ಮೋಜಿಯೆ ಎಂದೇ ಇದೆ. ‘ಪಶ್ಚಿಮ ಯಾತ್ರೆ’ಯ ವಾನರ ಇಲ್ಲಿಂದ ಹೋದನೋ ಇಲ್ಲವೋ, ಮಕರ ಹೋದದ್ದಂತೂ ಖಚಿತ.

ಶಿಲ್ಪ ಬಿಟ್ಟು ಜೀವಂತ ನಿದರ್ಶನ ಬೇಕೆನ್ನುವವರಿಗೆ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರದ ಅನಂತಪುರವಿದೆ. ಅಲ್ಲಿನ ಅನಂತಪದ್ಮನಾಭ ದೇವಾಲಯ ಕೊಳದ ನಡುವೆ ನಿಂತಿದೆ. ಕೊಳದಲ್ಲಿ ಒಂದು ಮೊಸಳೆ ಇತ್ತು, ಹೆಸರು ಬಬಿಯಾ, ಕೆಲಸ ದೇವರ ಕಾವಲು. ಮಧ್ಯಾಹ್ನದ ಪೂಜೆಯ ನಂತರ ಅರ್ಚಕರು ಅನ್ನ ಬೆಲ್ಲದ ನೈವೇದ್ಯವನ್ನು ಅದರ ಬಾಯಿಗೆ ಕೊಡುತ್ತಿದ್ದರು. ಹಿಂದಿನ ಮೊಸಳೆಯನ್ನು 1945ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ಗುಂಡಿಕ್ಕಿ ಕೊಂದ, ಕೆಲವೇ ದಿನಗಳಲ್ಲಿ ಹಾವು ಕಚ್ಚಿ ಸತ್ತ, ಕೊಳದಲ್ಲಿ ಬೇರೊಂದು ಮೊಸಳೆ ತಾನಾಗಿ ಕಾಣಿಸಿಕೊಂಡಿತು ಎಂದು ಸ್ಥಳದವರು ಹೇಳುತ್ತಾರೆ. ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತಾಗ ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು; ದೇವಾಲಯದ ಆವರಣದಲ್ಲೇ ಸಮಾಧಿಯಾಯಿತು. 2023ರ ನವೆಂಬರಿನಲ್ಲಿ ಕೊಳದಲ್ಲಿ ಮತ್ತೊಂದು ಮೊಸಳೆ ಕಾಣಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. ಅನ್ನ ಬೆಲ್ಲ ತಿನ್ನುತ್ತಿದ್ದ ಬಬಿಯಾ ನಿಜವಾಗಿ ಸಸ್ಯಾಹಾರಿಯಾಗಿತ್ತೇ ಎಂದು ಕೆಣಕುವುದು ಸುಲಭ. ಕೊಳದಲ್ಲಿ ಮೀನುಗಳೂ ಇದ್ದವಲ್ಲ! ಆದರೆ ಹುದ್ದೆ ಖಾಲಿ ಉಳಿಯಬಾರದೆಂಬ ಊರಿನ ಒತ್ತಾಸೆ ಮಾತ್ರ ಗಮನಿಸತಕ್ಕದ್ದು.

ಈಗ ಕೊನೆಯ ಭಾಗ, ನಮ್ಮ ಪುಣೆ. ಇಲ್ಲಿನ ಗುಡ್ಡ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಸಿಂಧೂರದ ಕಲ್ಲುಗಳನ್ನು ಚರಿತ್ರೆಯ ಆಕರಗಳಂತೆ ಓದಿದವರು ದಾಮೋದರ ಧರ್ಮಾನಂದ ಕೋಸಂಬಿ. ಗಣಿತಜ್ಞರಾಗಿದ್ದ ಅವರು ಮುಂಬಯಿಯ ಟಾಟಾ ಸಂಸ್ಥೆಯ ಕೆಲಸಕ್ಕೆ ಇಲ್ಲಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಹೋಗಿಬರುತ್ತಿದ್ದರು. 1962ರ ‘ಮಿಥ್ ಅಂಡ್ ರಿಯಾಲಿಟಿ’ ಪುಸ್ತಕದಲ್ಲಿ ಮಾವಳದ ಮಾತೃದೇವತೆಗಳ ನೆಲೆಗಳಿಗೆ ಅವರು ದೀರ್ಘ ಅಧ್ಯಾಯವನ್ನೇ ಮೀಸಲಿಟ್ಟರು. ಮಾವಲಾಯಾ ಎಂಬ ಹೆಸರಿನ ಈ ತಾಯಂದಿರಿಗೆ ಮೂರ್ತಿಯಿಲ್ಲ, ಒಬ್ಬೊಬ್ಬರಿಗೆ ಬೇರೆ ಹೆಸರಿಲ್ಲ, ಯಾವಾಗಲೂ ಗುಂಪಾಗಿಯೇ ಇರುತ್ತಾರೆ, ನೀರಿನೊಂದಿಗೆ ನಂಟು. ಕಾರ್ಲೆ ಗುಹೆಯ ಶಾತವಾಹನ ಶಾಸನ ಈ ಸೀಮೆಯನ್ನು ‘ಮಾಮಲ’ ಎಂದು ಕರೆಯುವುದನ್ನು ಕೋಸಂಬಿ ಎತ್ತಿ ತೋರಿಸಿದರು. ಸೀಮೆಯ ಹೆಸರೇ ತಾಯಂದಿರದ್ದು ಎಂಬುದು ಅವರ ವಾದ.

ಆಸರಾಗಳು ಈ ತಾಯಂದಿರ ನೆರೆಹೊರೆಯವರು. ಅಪ್ಸರೆಯರೇ ಜನರ ಬಾಯಲ್ಲಿ ಆಸರಾ ಆದರೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಇಂದ್ರಸಭೆಯ ನರ್ತಕಿಯರು ಜನರನ್ನು ಮುಳುಗಿಸುವವರಾದದ್ದು ಹೇಗೆ ಎಂಬ ಸಂದೇಹಕ್ಕೆ ಉತ್ತರ ಇದೇ ಊರಿನ ಭಂಡಾರಕರ ಸಂಸ್ಥೆಯಲ್ಲಿದೆ. 1917ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1919ರಿಂದ 1966ರವರೆಗೆ ದುಡಿದು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಹೊರತಂದಿತು. ವಿ. ಸ. ಸುಕ್ಥಣಕರ ಸಂಪಾದಿಸಿದ ಆದಿಪರ್ವದಲ್ಲಿ ಅರ್ಜುನನ ತೀರ್ಥಯಾತ್ರೆಯ ಪ್ರಸಂಗವಿದೆ. ದಕ್ಷಿಣ ಸಮುದ್ರದ ಬಳಿಯ ಐದು ತೀರ್ಥಗಳಿಗೆ ಯಾರೂ ಇಳಿಯುವುದಿಲ್ಲ, ಐದರಲ್ಲೂ ಮೊಸಳೆಗಳಿವೆ. ತಪಸ್ವಿಗಳು ಬೇಡವೆಂದರೂ ಅರ್ಜುನ ಸೌಭದ್ರ ತೀರ್ಥಕ್ಕೆ ಧುಮುಕುತ್ತಾನೆ, ಮೊಸಳೆ ಕಾಲು ಹಿಡಿಯುತ್ತದೆ, ಅವನು ಅದನ್ನು ಎತ್ತಿ ದಡಕ್ಕೆ ತರುತ್ತಾನೆ. ದಡ ಮುಟ್ಟಿದೊಡನೆ ಅದು ಹೆಣ್ಣಾಗುತ್ತದೆ. ಅವಳು ವರ್ಗಾ ಎಂಬ ಅಪ್ಸರೆ. ತಪಸ್ವಿಯೊಬ್ಬನನ್ನು ಕೆಣಕಿ ಶಾಪ ಪಡೆದ ಗೆಳತಿಯರು ಉಳಿದ ನಾಲ್ಕು ತೀರ್ಥಗಳಲ್ಲಿದ್ದಾರೆ: ಸೌರಭೇಯಿ, ಸಮೀಚಿ, ಲತಾ, ಬುದ್ಬುದಾ. ನೀರ ಗುಳ್ಳೆಯ ಹೆಸರಿನ ಆ ಕೊನೆಯವಳನ್ನು ಹೆಸರಿಸಿದ ಕವಿ ಯಾರೋ, ಅವನಿಗೆ ಮಡುವಿನ ಮೇಲ್ಮೈ ಚೆನ್ನಾಗಿ ಗೊತ್ತಿತ್ತು. ಅಪ್ಸರೆಯೂ ಮೊಸಳೆಯೂ ಒಂದೇ ಮೈಯ ಎರಡು ಅವಸ್ಥೆಗಳೆಂದು ಮಹಾಭಾರತಕ್ಕೆ ತಿಳಿದಿತ್ತು. ಮಾವಳದ ರೈತ ಹೆಂಗಸರಿಗೂ ತಿಳಿದಿದೆ.

ಆನ್ ಫೆಲ್ಡ್‌ಹೌಸ್ ಮಹಾರಾಷ್ಟ್ರದ ನದಿಗಳ ಕುರಿತು ಬರೆದ ಗ್ರಂಥದಲ್ಲಿ (1995) ಆಸರಾಗಳ ಸ್ವಭಾವ ವಿವರವಾಗಿದೆ. ಅವರು ಇರುವುದು ನದಿಯ ಆಳದ ಮಡುಗಳಲ್ಲಿ. ಮುಟ್ಟಾದವರನ್ನು, ಬಾಣಂತಿಯರನ್ನು ಹಿಡಿಯುತ್ತಾರೆಂಬ ಭಯ. ಜೊತೆಗೆ ಮ್ಹಸೋಬಾ ಎಂಬ ಅಣ್ಣ. ಇದನ್ನೆಲ್ಲ ಹಿಂದಿನವರ ಆರೋಗ್ಯಶಾಸ್ತ್ರ ಎಂದು ಮುಗಿಸಿಬಿಡುವವರಿದ್ದಾರೆ. ಆ ವಿವರಣೆ ತೀರಾ ಅಗ್ಗದ್ದು. ದಖ್ಖಣದ ಬಸಾಲ್ಟ್ ಬಂಡೆಯ ನದಿಗಳು ಬೇಸಿಗೆಯಲ್ಲಿ ಬತ್ತುತ್ತವೆ, ನೀರು ಉಳಿಯುವುದು ಇಂಥ ಮಡುಗಳಲ್ಲಿ. ಊರಿನ ಜೀವಕ್ಕೆ ಆಧಾರವಾದ ಜಾಗವೇ ಮಳೆಗಾಲದಲ್ಲಿ ಸುಳಿಯೆದ್ದು ಜೀವ ತೆಗೆಯುತ್ತದೆ. ಅಲ್ಲಿ ಹೆಣ್ಣುದೇವತೆಗಳನ್ನು ಕೂರಿಸಿ, ಉಡಿ ತುಂಬಿ, ಮರ್ಯಾದೆಯ ಗೆರೆ ಹಾಕಿಕೊಂಡ ಜನ ಆ ಎರಡೂ ಗುಣಗಳನ್ನು ಒಟ್ಟಿಗೇ ಲೆಕ್ಕಕ್ಕೆ ಹಿಡಿದಿದ್ದಾರೆ. ಆ ಉಡಿಯ ಖಣ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಮಗ್ಗಗಳಿಂದ ಮಹಾರಾಷ್ಟ್ರದ ಪೇಟೆಗಳಿಗೆ ಬರುತ್ತದೆ. ಮರಾಠಿ ನೀರಿನ ದೇವತೆಯರಿಗೆ ಕನ್ನಡದ ನೇಕಾರರ ಬಟ್ಟೆ.

ಇದರ ಎದುರಿಗೆ ಕನ್ನಡದ ‘ಕೆರೆಗೆ ಹಾರ’ ಲಾವಣಿಯನ್ನು ಇಟ್ಟು ನೋಡಬೇಕು. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಕಿರಿಯ ಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಆ ಕಥೆಯಲ್ಲಿ ಭೂತವೇ ಇಲ್ಲ. ನೀರೊಳಗೆ ಮಾತಾಡಿಸಲು, ಬೇಡಿಕೊಳ್ಳಲು, ಖಣ ಕೊಟ್ಟು ಒಪ್ಪಿಸಲು ಯಾರೂ ಇಲ್ಲದಿದ್ದಾಗ ತೀರ್ಮಾನ ಮನೆಯ ಗಂಡಸರ ಕೈಗೆ ಬಂತು, ಅವರು ಎಲ್ಲರಿಗಿಂತ ದುರ್ಬಲಳಾದವಳನ್ನು ಆರಿಸಿದರು. ಜಲಭೂತದ ಕಥೆಗಳನ್ನು ಕ್ರೂರ ಎನ್ನುವವರು ಭೂತವಿಲ್ಲದ ಈ ಕಥೆಯನ್ನು ಮತ್ತೊಮ್ಮೆ ಓದಿ ನೋಡಲಿ.

ಪುಣೆ ತನ್ನ ಕಣ್ಣಾರೆ ಕಂಡ ದೊಡ್ಡ ಜಲಪ್ರಳಯ 1961ರ ಜುಲೈ 12ರದ್ದು. ಇನ್ನೂ ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟು ಒಡೆಯಿತು, ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಕೂಡ ಬಿರಿಯಿತು, ಮುಠಾ ನದಿ ಪೇಟೆಗಳೊಳಕ್ಕೆ ನುಗ್ಗಿತು. ಹಿರಿಯರು ಇಂದಿಗೂ ವರ್ಷಗಳನ್ನು ಪಾನಶೇತಕ್ಕೆ ಮುಂಚೆ, ಪಾನಶೇತದ ನಂತರ ಎಂದು ಎಣಿಸುತ್ತಾರೆ. ಆಗ ಯಾರೂ ಸರಪಳಿ ಸಡಿಲವಾಯಿತು ಎನ್ನಲಿಲ್ಲ. ವಿಚಾರಣಾ ಆಯೋಗ ನೇಮಕವಾಯಿತು. ಹಾಗೆ ಆಗಬೇಕಾದದ್ದೇ, ಮನುಷ್ಯರು ಕಟ್ಟಿದ ಗೋಡೆ ಒಡೆದರೆ ಉತ್ತರ ಮನುಷ್ಯರೇ ಕೊಡಬೇಕು. ಆದರೆ ಕರ್ನಾಟಕದ ಮುಖ್ಯಮಂತ್ರಿಗಳು ಇಂದಿಗೂ ತುಂಬಿದ ಕನ್ನಂಬಾಡಿ ಅಣೆಕಟ್ಟೆಗೆ ಬಾಗಿನ ಅರ್ಪಿಸುತ್ತಾರೆ. ಎಂಜಿನಿಯರುಗಳ ಲೆಕ್ಕದ ಪಕ್ಕದಲ್ಲಿ ಹಳೆಯ ಒಪ್ಪಂದದ ಕಾಗದವನ್ನೂ ಯಾರೂ ಹರಿದುಹಾಕಿಲ್ಲ.

ಮುಗಿಸುವ ಮುನ್ನ ಸಭೆಗೆ ಒಂದು ವಿನಂತಿ. ಮುಳಾ ಮುಠಾ ದಂಡೆಗಳ ಅಭಿವೃದ್ಧಿ ಕಾಮಗಾರಿ ನಡೆಯುತ್ತಿದೆ, ಮಾವಳದ ಹಳ್ಳಿಗಳು ಬಡಾವಣೆಗಳಾಗುತ್ತಿವೆ. ಕೋಸಂಬಿಯವರು ನಡೆದ ದಾರಿಗಳಲ್ಲಿ ಈಗ ಲಾರಿಗಳು ಓಡಾಡುತ್ತವೆ. ನಿಮ್ಮಲ್ಲಿ ಅನೇಕರು ಮರಾಠಿಯನ್ನೂ ಉತ್ತರ ಕರ್ನಾಟಕದ ಆಡುಮಾತನ್ನೂ ಸಮನಾಗಿ ಬಲ್ಲವರು. ನಿಮ್ಮ ಮನೆಯ ಹತ್ತಿರದ ಹಳ್ಳದ ದಂಡೆಯಲ್ಲಿ ಏಳು ಕಲ್ಲುಗಳಿದ್ದರೆ ಮಡುವಿನ ಹೆಸರೇನು, ಪೂಜೆ ಮಾಡುವ ಮನೆತನ ಯಾವುದು, ಯಾವ ವಾರ, ಏನು ನೈವೇದ್ಯ, ಯಾವ ಕಥೆ ಹೇಳುತ್ತಾರೆ ಎಂದು ಅಲ್ಲಿನ ಹೆಂಗಸರನ್ನು ಕೇಳಿ ಬರೆದಿಡಿ. ಫೋಟೋ ತೆಗೆಯುವ ಮುಂಚೆ ಅವರ ಅನುಮತಿ ಪಡೆಯಿರಿ. ಕನ್ನಡದಲ್ಲೂ ಮರಾಠಿಯಲ್ಲೂ ಅಂಥ ಟಿಪ್ಪಣಿಗಳು ಬರಲಿ; ಈ ದತ್ತಿಯ ಮುಂದಿನ ಉಪನ್ಯಾಸಗಳಿಗೆ ಅವೇ ಸಾಮಗ್ರಿಯಾಗಲಿ.